ಗುಡ್ಡಕ್ಕೆ ಹೋಗುವ ಬಸ್ಸು, ಹೊಳ್ಳಿ ಬರುವ ಬಸ್ಸು

ಪುಷ್ಯ ಮಾಸದ ಬೆಳಗಿನ ಐದೂವರೆಗೆ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಬಸ್ಸಿಗಿಂತ ಮೊದಲು ಕಂಬಳಿಗಳು ಕಾಣುತ್ತವೆ. ಕಟ್ಟೆಯ ಮೇಲೆ ಮುದುಡಿ ಕುಳಿತವರು, ಟವೆಲ್ಲನ್ನು ಕಿವಿಗೆ ಬಿಗಿದು ಚಹಾ ಹೀರುವವರು, ಸೀರೆಯ ಮೇಲೊಂದು ಗಂಡಸರ ಸ್ವೆಟರ್ ಏರಿಸಿ ಹಣ್ಣುಕಾಯಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡವರು. ಅರಸೀಕೆರೆ ಮೇಲೆ ಉಚ್ಚಂಗಿದುರ್ಗಕ್ಕೆ ಹೋಗುವ ಬಸ್ಸು ಬಂದು ನಿಂತದ್ದೇ ಆ ಕಂಬಳಿಗಳೆಲ್ಲ ಎದ್ದು ಬಾಗಿಲ ಕಡೆ ನಡೆದವು. ಕಿಟಕಿಯ ಗಾಜು ಪೂರ್ತಿ ಸರಿಯದ ಸೀಟೊಂದು ನನಗೆ ಸಿಕ್ಕಿತು. ಪಕ್ಕದಲ್ಲಿ ಕುಳಿತ ಅಜ್ಜಿ ಗಾಳಿಗೆ ಸೆರಗು ಅಡ್ಡ ಹಿಡಿದು ಕೇಳಿದಳು: "ಒಬ್ಬಾಕೀನ ಹೊಂಟೀಯೇನವ್ವಾ?"

"ಹೂಂ ಅಜ್ಜಿ, ಗುಡ್ಡಕ್ಕ."

"ಹೊಳ್ಳಿ ಬರೋ ಬಸ್ಸು ಯಾವಾಗೈತಿ, ಕೇಳ್ಕೊಂಡೀಯಾ?"

ಗುಡ್ಡದ ಎತ್ತರ ಎಷ್ಟು, ಮೇಲೆ ಏನಿದೆ, ಯಾವ ಹರಕೆ ಎಂಬ ಯಾವ ಮಾತೂ ಅವಳಿಂದ ಬರಲಿಲ್ಲ. ಈ ಭಾಗದಲ್ಲಿ ಗುಡ್ಡ ಹತ್ತಿ ಬಲ್ಲವರು ಮೊದಲು ಕೇಳುವ ಪ್ರಶ್ನೆಯೇ ಅದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳಲ್ಲಿ ಚಳಿಗಾಲ ಬಂತೆಂದರೆ ಜನ ಗುಡ್ಡ, ಮರಡಿ, ದುರ್ಗಗಳ ಕಡೆ ಹೊರಡುತ್ತಾರೆ. ಹೊರಡುವವರಲ್ಲಿ ಬಹುಪಾಲು ಜನರಿಗೆ ಸ್ವಂತ ಕಾರಿಲ್ಲ. ಅವರ ಗುಡ್ಡದ ದಾರಿಯನ್ನು ನಿರ್ಧರಿಸುವುದು ಬಸ್ಸಿನ ವೇಳೆ. ಅದರಲ್ಲೂ ಸಂಜೆಯ ಬಸ್ಸಿನ ವೇಳೆ.

ಮೊದಲು ಈ ಗುಡ್ಡಗಳ ಮಾತು. ಮಲೆನಾಡಿನವರು ಇವನ್ನು ಬೆಟ್ಟವೆಂದು ಒಪ್ಪಲಿಕ್ಕಿಲ್ಲ. ಮೋಡಕ್ಕೆ ತಲೆ ತಾಗಿಸುವ ಶಿಖರ ಇಲ್ಲಿಲ್ಲ, ಶೋಲಾ ಕಾಡಿಲ್ಲ. ಮೆಕ್ಕೆಜೋಳದ ಬಯಲು ಹರಿದು ಹೋಗುತ್ತಿದ್ದಂತೆ ನಡುವೆ ಯಾರೋ ತಂದು ಸುರಿದ ಹಾಗೆ ಕಲ್ಲಿನ ರಾಶಿ ಏಳುತ್ತದೆ. ಸುತ್ತಣ ಮೆದು ಕಲ್ಲೂ ಮಣ್ಣೂ ಕೋಟ್ಯಂತರ ವರ್ಷಗಳ ಮಳೆಗಾಳಿಗೆ ಸವೆದುಹೋಗಿ, ಸವೆಯಲೊಲ್ಲದ ಗಟ್ಟಿ ಕಲ್ಲು ಉಳಿದು ಆದ ಗುಡ್ಡಗಳಿವು. ರಾಮನಗರದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ, ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಕೂಡ್ಲಿಗಿ ತಾಲ್ಲೂಕಿನ ಪೂರ್ವಕ್ಕಿರುವ ಗುಡೇಕೋಟೆಯ ಸೀಮೆಯನ್ನು ಹಾದು ಹಂಪಿಯತ್ತ ಸಾಗುತ್ತದೆ. ಹಂಪಿಯ ಬಂಡೆಗಳನ್ನು ಕಂಡು ಬೆರಗಾಗುವವರು ಗುಡೇಕೋಟೆಗೆ ಬಂದರೆ ಅದೇ ಬಂಡೆಯ ದಾಯಾದಿಗಳನ್ನು ಜನಜಂಗುಳಿಯಿಲ್ಲದೆ ನೋಡಬಹುದು.

ಊರವರ ಬಾಯಲ್ಲಿ ಈ ಎತ್ತರಗಳಿಗೆ ಬೇರೆ ಬೇರೆ ಹೆಸರುಂಟು. ಕಲ್ಲು ಕಡಿಮೆ, ಮಣ್ಣು ಹೆಚ್ಚಿದ್ದು ಸಲೀಸಾಗಿ ಏರಬಹುದಾದರೆ ಅದು ಮರಡಿ. ಕಲ್ಲೇ ಹೆಚ್ಚಿದ್ದರೆ ಗುಡ್ಡ. ಮೇಲೆ ಕೋಟೆ ಕಟ್ಟಿದ್ದರೆ ದುರ್ಗ. ಮೈಲಾರದ್ದು ಮರಡಿ, ಉಚ್ಚಂಗಿಯದ್ದು ದುರ್ಗ. ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಗುಡ್ಡಕ್ಕಿಂತ ನೀರೇ ಹತ್ತಿರ. ತುಂಗಭದ್ರೆಯ ಹಿನ್ನೀರು, 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಪಕ್ಷಿಧಾಮ ಅವರ ಚಳಿಗಾಲದ ತಾಣಗಳು. ಅವರೂ ಗುಡ್ಡ ನೋಡಬೇಕೆಂದಾಗ ಹರಪನಹಳ್ಳಿಯ ಕಡೆಗೋ ಸಂಡೂರಿನ ಕಡೆಗೋ ಬಸ್ಸು ಹತ್ತುತ್ತಾರೆ.

ಚಳಿಗಾಲವೇ ಯಾಕೆ ಎಂಬುದಕ್ಕೆ ಬಂಡೆಯೇ ಉತ್ತರ ಹೇಳುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಅದು ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ಬಿಸಿಲಿಗೆ ಬೆನ್ನು ಕೊಟ್ಟ ಬಂಡೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹಗಲೆಲ್ಲ ಕುಡಿದ ಆ ಬಿಸಿಯನ್ನು ರಾತ್ರಿ ಬಹಳ ಹೊತ್ತು ಉಗುಳುತ್ತಲೇ ಇರುತ್ತದೆ. ಹೀಗಾಗಿ ಬೇಸಿಗೆಯ ನಸುಕಿನಲ್ಲೂ ಬರಿಗಾಲಿಗೆ ಕಲ್ಲು ತಂಪೆನಿಸುವುದಿಲ್ಲ. ಮಳೆಗಾಲದಲ್ಲಿ ಅದೇ ಕಲ್ಲಿಗೆ ಪಾಚಿ ಕಟ್ಟುತ್ತದೆ, ಸವೆದ ಮೆಟ್ಟಿಲು ಕಾಲು ಜಾರಿಸುತ್ತದೆ. ಕಾರ್ತಿಕ ಕಳೆದ ಮೇಲೆ ಪಾಚಿ ಒಣಗಿ ಉದುರುತ್ತದೆ, ಬಂಡೆ ಒರಟಾಗುತ್ತದೆ, ಪಾದ ಹಿಡಿದು ನಿಲ್ಲುತ್ತದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಉಷ್ಣಾಂಶ ಹದಿನೈದು ಹದಿನಾರಕ್ಕೆ ಇಳಿದಿರುತ್ತದೆ. ಬಯಲುಸೀಮೆಯ ನಮಗೆ ಅದೇ ದೊಡ್ಡ ಚಳಿ. ಹತ್ತು ಗಂಟೆಯ ತನಕ ಕಲ್ಲು ಬಿಸಿಯೇರುವುದಿಲ್ಲ.

ಇನ್ನೊಂದು ಕಾರಣ ಹೊಲದಲ್ಲಿದೆ. ಮುಂಗಾರಿನ ಮೆಕ್ಕೆಜೋಳ, ಶೇಂಗಾ ಮನೆ ಸೇರುವುದು ಈ ಹೊತ್ತಿಗೆ. ಹಡಗಲಿಯ ಎರೆಹೊಲದ ಹಿಂಗಾರಿ ಜೋಳ ಇನ್ನೂ ತೆನೆ ಕಟ್ಟುತ್ತಿರುತ್ತದೆ. ಒಂದು ಬೆಳೆ ಬಂದು ಇನ್ನೊಂದು ಕೈಗೆ ಬರುವ ಮುಂಚಿನ ಈ ಸಂದಿನಲ್ಲಿ ರೈತನ ಕಿಸೆಯಲ್ಲಿ ನಾಲ್ಕು ಕಾಸು, ಮೈಯಲ್ಲಿ ನಾಲ್ಕು ದಿನದ ಬಿಡುವು. ನಮ್ಮ ದೊಡ್ಡ ಜಾತ್ರೆಗಳು ಮಾಘ ಮಾಸದಲ್ಲಿ ಒಂದರ ಹಿಂದೆ ಒಂದು ಬರುವುದಕ್ಕೂ ಈ ಬಿಡುವಿಗೂ ಸಂಬಂಧವಿದೆ ಎಂದೇ ನಾನು ನಂಬಿದ್ದೇನೆ. ಈ ಸಂದಿನಲ್ಲಿ ಬಸ್ಸಿನಲ್ಲಿ ಕುಳಿತವರಿಗೆ ಮಾತ್ರ ಸಿಗುವ ಒಂದು ನೋಟವುಂಟು. ಹಳ್ಳಿಯ ಡಾಂಬರು ರಸ್ತೆಯ ಒಂದು ಮಗ್ಗುಲು ಉದ್ದಕ್ಕೂ ಮೆಕ್ಕೆಜೋಳದ ಕಣವಾಗಿರುತ್ತದೆ. ಚಾಲಕ ಕಾಳು ತುಳಿಯದಂತೆ ಇನ್ನೊಂದು ಮಗ್ಗುಲಿಗೆ ಒರಗಿ ನಿಧಾನವಾಗಿ ಸಾಗುತ್ತಾನೆ. ಕಾಳು ಕೆದಕುತ್ತಿದ್ದ ಹೆಂಗಸು ಕೈ ತಡೆದು ಬಸ್ಸಿನ ಕಡೆ ನೋಡುತ್ತಾಳೆ. ಹದಿನೈದು ನಿಮಿಷ ತಡವಾಯಿತೆಂದು ಆಗ ಯಾರೂ ಗೊಣಗುವುದಿಲ್ಲ. ಒಳಗೆ ಕುಳಿತವರ ಕಾಳೂ ಇಂಥದೇ ಇನ್ನೊಂದು ರಸ್ತೆಯ ಮೇಲೆ ಹರವಿರುತ್ತದೆ.

ಉಚ್ಚಂಗಿದುರ್ಗ ದೂರದಿಂದಲೇ ಕಾಣುತ್ತದೆ. ಕಾಣಿಸಿಕೊಂಡ ಮೇಲೂ ಬಸ್ಸು ಅದನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟುಕೊಂಡು ಬಹಳ ಹೊತ್ತು ಓಡುತ್ತದೆ. ಇಳಿದದ್ದೇ ಗುಡ್ಡದ ಬುಡದ ಊರು. ಕಾಯಿ, ಕರ್ಪೂರ, ಬಳೆ, ಮಂಡಕ್ಕಿ, ಮೆಣಸಿನಕಾಯಿ ಬಜಿಯ ಅಂಗಡಿಗಳನ್ನು ದಾಟಿದರೆ ಮೆಟ್ಟಿಲು. ಜನ ಹತ್ತುವುದು ಉಚ್ಚಂಗೆಮ್ಮನಿಗಾಗಿ. ಉಚ್ಚಂಗಿ ಎಲ್ಲಮ್ಮ, ಉತ್ಸವಾಂಬೆ ಎಂಬ ಹೆಸರುಗಳೂ ಅವಳಿಗುಂಟು. ನಾನು ಹತ್ತುವುದು ಅವಳಿಗಾಗಿಯೂ ಹೌದು, ಆ ಗೋಡೆಗಳಿಗಾಗಿಯೂ ಹೌದು.

ಈ ಗುಡ್ಡವನ್ನು ಹತ್ತಲು ಹಿಂದಿನವರು ಪಟ್ಟ ಪಾಡು ಶಾಸನಗಳಲ್ಲಿ ದಾಖಲಾಗಿದೆ. ಉಚ್ಚಂಗಿ ನೊಳಂಬರ ಭದ್ರನೆಲೆ. 10ನೇ ಶತಮಾನದಲ್ಲಿ ಗಂಗ ದೊರೆ ಮಾರಸಿಂಹ ಅವರ ಬಲ ಮುರಿದು ನೊಳಂಬಕುಲಾಂತಕ ಎನಿಸಿಕೊಂಡ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ಅವನ ಗೆಲುವುಗಳನ್ನು ಎಣಿಸುವಾಗ ಉಚ್ಚಂಗಿಯ ಕೋಟೆಯನ್ನು ಮರೆಯುವುದಿಲ್ಲ. ಆಮೇಲೆ ಈ ಕೋಟೆ ಉಚ್ಚಂಗಿಯ ಪಾಂಡ್ಯರ ರಾಜಧಾನಿಯಾಯಿತು. 12ನೇ ಶತಮಾನದ ಎಪ್ಪತ್ತರ ದಶಕದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಇದನ್ನು ಪಾಂಡ್ಯ ಕಾಮದೇವನಿಂದ ಗೆದ್ದ. ಶರಣಾದ ಕಾಮದೇವನಿಗೆ ರಾಜ್ಯವನ್ನು ಮರಳಿ ಕೊಟ್ಟ. ಹನ್ನೆರಡು ವರ್ಷ ಮುತ್ತಿಗೆ ಹಾಕಿ ಚೋಳರು ಕೈಚೆಲ್ಲಿದ ಕೋಟೆಯಿದು ಎಂದು ಹೊಯ್ಸಳರ ಕಡೆಯ ಬಣ್ಣನೆ ಹೇಳುತ್ತದೆ. ಗೆದ್ದವರ ಬಣ್ಣನೆಯಲ್ಲಿ ಉಪ್ಪುಖಾರ ಹೆಚ್ಚಿರುವುದು ಸಹಜ. ಆದರೆ ಈ ಗೆಲುವಿನೊಂದಿಗೆ ಬಲ್ಲಾಳನ ಹೆಸರಿಗೆ ಸೇರಿದ ಎರಡು ಬಿರುದುಗಳು ನಿಜವಾದವು: ಗಿರಿದುರ್ಗಮಲ್ಲ, ಶನಿವಾರಸಿದ್ಧಿ. ಕೋಟೆ ಕೈಗೆ ಬಂದ ವಾರವೇ ಬಿರುದಾಯಿತು. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬಸ್ಸು ಹತ್ತಿ ಬರುವ ಹೈಸ್ಕೂಲು ಹುಡುಗರ ಗುಂಪು ನನ್ನನ್ನು ಹಿಂದೆ ಹಾಕಿ ಓಡಿದಾಗಲೆಲ್ಲ ಆ ಬಿರುದು ನೆನಪಾಗುತ್ತದೆ.

ಕೋಟೆ ಅಷ್ಟು ಕಾಲ ತಾಳಿಕೊಂಡದ್ದು ಹೇಗೆ ಎಂಬುದು ಚಳಿಗಾಲದಲ್ಲಿ ಹತ್ತಿದರೆ ಕಣ್ಣಿಗೇ ಕಾಣುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಸೀಮೆಯಿದು. ಆ ಮಳೆ ಮಣ್ಣಿಗೆ ಬಿದ್ದರೆ ಇಂಗುತ್ತದೆ, ಬಂಡೆಯ ಮೇಲೆ ಬಿದ್ದರೆ ಹನಿ ಬಿಡದೆ ಹರಿಯುತ್ತದೆ. ಹರಿಯುವ ನೀರಿಗೆ ಬಂಡೆಯ ತಗ್ಗಿನಲ್ಲಿ ಅಡ್ಡ ಕಟ್ಟಿದರೆ, ಕಲ್ಲಿನ ಬಿರುಕನ್ನು ಅಗಲಿಸಿ ಹೊಂಡ ಮಾಡಿದರೆ ಗುಡ್ಡವೇ ಒಂದು ಕೊಡ. ಇಂಥ ದೊಣೆಗಳು ನಮ್ಮ ಸೀಮೆಯ ಎಲ್ಲ ದುರ್ಗಗಳ ಜೀವಾಳ. ಮಳೆಗಾಲ ಮುಗಿದ ಹೊಸದರಲ್ಲಿ ಅವು ತುಂಬಿರುತ್ತವೆ, ಶಿವರಾತ್ರಿಯ ಹೊತ್ತಿಗೆ ಸಣ್ಣ ದೊಣೆಗಳ ತಳ ಕಾಣುತ್ತದೆ. ಬೇಸಿಗೆಯಲ್ಲಿ ಬಂದವರು ಬರಿ ಗುಂಡಿ ನೋಡಿ ಹೋಗುತ್ತಾರೆ. ಪುಷ್ಯದಲ್ಲಿ ಬಂದವರಿಗೆ ಆಕಾಶ ಬಿದ್ದ ನೀರು, ಅದರ ಅಂಚಿನಲ್ಲಿ ಅರಿವೆ ಹಿಂಡಿದ ಒದ್ದೆ ಗುರುತು, ಕೋಟೆ ಕಟ್ಟಿದವರ ಲೆಕ್ಕಾಚಾರ ಮೂರೂ ಸಿಗುತ್ತವೆ.

ಮೇಲಿನಿಂದ ನೋಡಿದರೆ ಹೊಲಗಳು ಕೌದಿಯ ಹಾಗೆ. ಕಟಾವಾದ ಮೆಕ್ಕೆಜೋಳದ ಬಿಳಿಚು, ಕಡಲೆಯ ಹಸಿರು, ಅಲ್ಲೊಂದು ಇಲ್ಲೊಂದು ಅಡಿಕೆಯ ಕಡುಹಸಿರು. ಏಳು ಗಂಟೆಯ ಸುಮಾರಿಗೆ ಕೆರೆಗಳ ಮೇಲೆ ತೆಳ್ಳಗೆ ಮಂಜು ಕುಳಿತಿರುತ್ತದೆ. ರಾತ್ರಿ ನೆಲ ಬೇಗ ತಣಿದು, ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುವುದರಿಂದ ಗುಡ್ಡದ ನೆತ್ತಿಗಿಂತ ಬುಡದಲ್ಲೇ ಚಳಿ ಜಾಸ್ತಿ. ಬಸ್ಸಿನಿಂದ ಇಳಿದಾಗ ನಡುಗುತ್ತಿದ್ದವರು ಅರ್ಧ ಗುಡ್ಡಕ್ಕೆ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುವುದಕ್ಕೆ ಹತ್ತಿದ ಶ್ರಮದ ಜೊತೆ ಇದೂ ಒಂದು ಕಾರಣ.

ಭರತ ಹುಣ್ಣಿಮೆಗೆ ಈ ಗುಡ್ಡದ ರೂಪವೇ ಬೇರೆ. ಮಾಘ ಮಾಸದ ಆ ಹುಣ್ಣಿಮೆಗೆ ನಾಲ್ಕೈದು ಜಿಲ್ಲೆಗಳ ಜನ ಬರುತ್ತಾರೆ. ಬುಡದ ಹಾಲಮ್ಮನ ತೋಪಿನಲ್ಲಿ ಒಲೆ ಹೂಡಿ, ಸ್ನಾನ ಮಾಡಿ, ಬೇವಿನ ಸೊಪ್ಪು ಉಟ್ಟು ಹರಕೆ ತೀರಿಸುತ್ತಾರೆ. ಜೋಗತಿಯರು ಪಡ್ಲಿಗೆ ಹಿಡಿದು ಬರುತ್ತಾರೆ, ಚೌಡಿಕೆಯ ನಾದಕ್ಕೆ "ಉಧೋ ಉಧೋ" ಎಂಬ ಕೂಗು ಸೇರುತ್ತದೆ. ಈ ಹುಣ್ಣಿಮೆಗೆ ಒಂದು ಕತ್ತಲೆಯೂ ಅಂಟಿಕೊಂಡಿತ್ತು. ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯ ಮೂಲಕ ನಿಷೇಧಿಸಿತು. ಆದರೂ ಕದ್ದುಮುಚ್ಚಿ ನಡೆದೀತೆಂಬ ಭಯಕ್ಕೆ ಜಾತ್ರೆಯ ದಿನಗಳಲ್ಲಿ ಅಧಿಕಾರಿಗಳು, ಪೊಲೀಸರು, ಸಂಘಟನೆಗಳ ಕಾರ್ಯಕರ್ತೆಯರು ಕಣ್ಣಿಟ್ಟು ಕಾಯುತ್ತಾರೆ. ಬಸ್ಸಿನ ಬಗ್ಗೆ ಬರೆಯುವಾಗ ಇದನ್ನು ಬಿಡಲು ನನ್ನಿಂದಾಗದು. ಜನ ಬಂದಿಳಿಯುವ ಜಾಗವೇ ಎಚ್ಚರಿಕೆಯ ಮಾತು ಅವರಿಗೆ ಮೊದಲು ತಲುಪಬೇಕಾದ ಜಾಗ. ಹೊಸ ಸೀರೆ ಉಟ್ಟು ಮುಖ ಕೆಳಗೆ ಹಾಕಿದ ಹುಡುಗಿಯೊಬ್ಬಳು ಬಸ್ಸಿನಿಂದ ಇಳಿಯುವುದನ್ನು ಕಾಣುವ ಮೊದಲ ಕಣ್ಣು ಕಂಡಕ್ಟರನದು.

ಹುಣ್ಣಿಮೆಯೇ ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದರೆ ದೇವಿಯ ದಿನ ಎಂಬ ಉತ್ತರ ಸಿಗುತ್ತಿತ್ತು. ಬಂಡಿ ಕಟ್ಟಿದ ತಲೆಮಾರಿನವರ ಮಾತು ಕೇಳುತ್ತಾ ಹೋದ ಮೇಲೆ ಇನ್ನೊಂದು ಉತ್ತರವೂ ಹೊಳೆಯಿತು. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಏಳುತ್ತಾನೆ, ಸೂರ್ಯ ಏಳುವ ಹೊತ್ತಿಗೆ ಮುಳುಗುತ್ತಾನೆ. ಇಡೀ ರಾತ್ರಿ ದಾರಿ ಬೆಳಕು. ಎತ್ತಿನ ಬಂಡಿಯಲ್ಲಿ ಬಂದವರಿಗೆ, ನಡೆದು ಬಂದವರಿಗೆ, ಕತ್ತಲಲ್ಲಿ ಕಲ್ಲುಮೆಟ್ಟಿಲು ಏರುವವರಿಗೆ ಆಗ ಬೇರೆ ದೀಪ ಎಲ್ಲಿತ್ತು? ಜಾತ್ರೆಯ ತಿಥಿ ಅಂದಿನ ಸಾರಿಗೆಯ ವೇಳಾಪಟ್ಟಿಯೂ ಆಗಿತ್ತು ಎಂದು ನನಗೆ ಅನಿಸುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯೂ ಇದೇ ಹುಣ್ಣಿಮೆಯ ಆಸುಪಾಸಿನದು. ತುಂಗಭದ್ರೆಯ ದಂಡೆಯ ಈ ಊರಿನ ಡೆಂಗನ ಮರಡಿಯಲ್ಲಿ ಉಪವಾಸವಿದ್ದ, ಮೈಲಾರಲಿಂಗನ ಭಕ್ತ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಆಕಾಶದ ಕಡೆ ಮುಖ ಮಾಡಿ, ಒಂದೇ ಒಂದು ವಾಕ್ಯದ ಕಾರಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಆ ಗಳಿಗೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮುಂದಿನ ವರ್ಷದ ಮಳೆ ಬೆಳೆ, ರಾಜಕೀಯ ಎಲ್ಲಕ್ಕೂ ಆ ವಾಕ್ಯದಲ್ಲಿ ಅರ್ಥ ಹುಡುಕುತ್ತಾರೆ. ಅದು ಹತ್ತಿ ದಣಿಯುವಂಥ ಎತ್ತರವಲ್ಲ. ಅಲ್ಲಿ ಕಷ್ಟದ್ದೆಂದರೆ ಮರಡಿಯ ತನಕ ತಲುಪುವುದು ಮತ್ತು ಕಾರಣಿಕ ಮುಗಿದ ಮರುಕ್ಷಣ ಒಟ್ಟಿಗೇ ಮನೆಯ ಕಡೆ ತಿರುಗುವ ಜನಸಾಗರದಲ್ಲಿ ಬಸ್ಸು ಹಿಡಿಯುವುದು. ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ಮೈಲಾರಕ್ಕೆ ಹೋಗುವ ಪದ್ಧತಿ ಇಂದಿಗೂ ಉಳಿದಿದೆ. ಬಂಡಿಯವರಿಗೆ ಆ ನೂಕುನುಗ್ಗಲಿನ ಚಿಂತೆಯಿಲ್ಲ. ಅವರು ರಾತ್ರಿ ಅಲ್ಲೇ ಬಂಡಿಯ ಕೆಳಗೆ ಕಂಬಳಿ ಹಾಸುತ್ತಾರೆ.

ಈಗ ಬಸ್ಸಿನ ವ್ಯವಸ್ಥೆಗೆ ಬರೋಣ. ಈ ಐದು ತಾಲ್ಲೂಕುಗಳ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯದಲ್ಲಿ ಸರ್ಕಾರಿ ಬಸ್ಸು 1948ರಲ್ಲೇ ಓಡತೊಡಗಿತ್ತು. ನಮ್ಮ ಕಡೆ ರೈಲೇ ಮೊದಲು. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲಿ ಮೀಟರ್ ಗೇಜ್ ಹಳಿ ಬಂತು. ಕಾಲಾಂತರದಲ್ಲಿ ಪ್ರಯಾಣಿಕರ ರೈಲು ನಿಂತಿತು. ಹಳಿ ಅಗಲವಾಗಿ, ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರದವರೆಗೆ ಹೊಸ ದಾರಿ ಸೇರಿ, 2019ರಲ್ಲಿ ಮತ್ತೆ ಪ್ರಯಾಣಿಕರ ರೈಲು ಕಂಡೆವು. ಕೂಡ್ಲಿಗಿಗೂ ಹಡಗಲಿಗೂ ಹಳಿಯೇ ಇಲ್ಲ. ಆದ್ದರಿಂದ ಗುಡ್ಡದ ಪ್ರಯಾಣದ ನಿಜವಾದ ಭಾರ ಹೊತ್ತಿರುವುದು ಬಸ್ಸು. 2000ದಲ್ಲಿ ಹುಟ್ಟಿದ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಎಂಬ ಹೆಸರು ಪಡೆಯಿತು. ಅದೇ ವರ್ಷ ನಮ್ಮದು ವಿಜಯನಗರ ಜಿಲ್ಲೆಯೂ ಆಯಿತು. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರೇ ವರ್ಷಕ್ಕೆ ವಿಜಯನಗರ ಸೇರಿತು. ಜಿಲ್ಲಾ ಕಚೇರಿಯ ಕೆಲಸಕ್ಕೆ ಹತ್ತಬೇಕಾದ ಬಸ್ಸು ಪ್ರತಿ ಸಲವೂ ಬದಲಾಯಿತು. ಉಚ್ಚಂಗಿದುರ್ಗದ ಜನ ಸಂತೆ, ಆಸ್ಪತ್ರೆ, ಕಾಲೇಜಿಗೆಂದು ದಾವಣಗೆರೆಯ ಬಸ್ಸನ್ನೇ ಹತ್ತುತ್ತಾ ಬಂದರು. ಗುಡ್ಡಕ್ಕೆ ಹೋಗುವವರಿಗೆ ಇದರಿಂದ ಒಂದು ಅನುಕೂಲವಾಗಿದೆ: ಹರಪನಹಳ್ಳಿ ಕಡೆಯ ಬಸ್ಸು ತಪ್ಪಿದರೆ ದಾವಣಗೆರೆ ಕಡೆಯದ್ದು ಇದ್ದೀತು.

ಚಳಿಗಾಲದ ಗುಡ್ಡಕ್ಕೆ ಹೇಳಿ ಮಾಡಿಸಿದ ಬಸ್ಸೊಂದಿದೆ. ನಮ್ಮ ಕಡೆ ಅದನ್ನು ವಸ್ತಿ ಬಸ್ಸು ಅನ್ನುತ್ತಾರೆ. ರಾತ್ರಿ ತಡವಾಗಿ ಹಳ್ಳಿ ತಲುಪಿ ಅಲ್ಲೇ ತಂಗಿ, ನಸುಕಿಗೆ ಪೇಟೆಯ ಕಡೆ ಹೊರಡುವ ಬಸ್ಸದು. ಚಾಲಕ, ಕಂಡಕ್ಟರ್ ಬಸ್ಸಿನೊಳಗೋ ಪಂಚಾಯಿತಿ ಕಟ್ಟೆಯಲ್ಲೋ ಗುಡಿಯ ಪಡಸಾಲೆಯಲ್ಲೋ ಮಲಗುತ್ತಾರೆ. ಊರಿನವರು ಬಿಸಿನೀರು ಕೊಡುತ್ತಾರೆ, ಒಮ್ಮೊಮ್ಮೆ ರೊಟ್ಟಿ ಕೊಡುತ್ತಾರೆ. ಹಾಲು ಹಾಕುವವರು, ಕಾಲೇಜಿಗೆ ಹೋಗುವವರು, ಆಸ್ಪತ್ರೆಗೆ ಹೊರಟವರು ಬೆಳಗ್ಗೆ ಅದನ್ನು ಹತ್ತುತ್ತಾರೆ. ಗುಡ್ಡ ಹತ್ತುವವರು ಇದನ್ನು ತಿರುವುಮುರುವಾಗಿ ಬಳಸಬಹುದು. ಹಿಂದಿನ ರಾತ್ರಿ ಅದರಲ್ಲೇ ಹೋಗಿ, ಪರಿಚಯದ ಮನೆಯಲ್ಲೋ ಗುಡಿಯಲ್ಲೋ ತಂಗಿ, ಬಸ್ಸು ಊರು ಬಿಡುವ ಹೊತ್ತಿಗೆ ಗುಡ್ಡದ ಬುಡದಲ್ಲಿರಬಹುದು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಏಳುವುದು ಬೆಳಗಿನ 6.45ರ ನಂತರ, ಮುಳುಗುವುದು ಸಂಜೆ ಆರರ ಸುಮಾರಿಗೆ. ಹನ್ನೊಂದೂಕಾಲು ಗಂಟೆಯ ಹಗಲು. ಕೊನೆಯ ಬಸ್ಸು ಐದಕ್ಕಿದ್ದರೆ ಕೈಯಲ್ಲಿ ಹತ್ತು ಗಂಟೆ, ಅದರಲ್ಲಿ ಕಲ್ಲು ತಂಪಾಗಿರುವುದು ಮೂರೇ ಗಂಟೆ. ಇಷ್ಟು ಲೆಕ್ಕ ಬಾಯಿಪಾಠವಾಗಿದ್ದರೆ ಅರ್ಧ ಗುಡ್ಡ ಹತ್ತಿದ ಹಾಗೆ.

ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಈ ಲೆಕ್ಕಕ್ಕೆ ಹೊಸ ಅಂಕೆ ಸೇರಿಸಿತು. ಶೂನ್ಯ ಟಿಕೆಟ್ ಕೈಗೆ ಬಂದ ಮೇಲೆ ಹೆಣ್ಣುಮಕ್ಕಳು ಗುಡ್ಡಕ್ಕೆ ಹೋಗುವ ರೀತಿ ಬದಲಾಯಿತು. ಮೊದಲು ಮನೆಯ ಗಂಡಸು ಹರಕೆಗೆಂದು ಹೊರಟಾಗ, ಬಾಡಿಗೆಯ ಟ್ರ್ಯಾಕ್ಸಿನಲ್ಲಿ ಜಾಗ ಉಳಿದಾಗ ಹೋಗುತ್ತಿದ್ದವರು ಈಗ ಓಣಿಯ ನಾಲ್ವರು ಗೆಳತಿಯರ ಜೊತೆ, ಜಾತ್ರೆಯಲ್ಲದ ಸಾದಾ ಮಂಗಳವಾರ, ಶುಕ್ರವಾರ ಹೊರಡುತ್ತಾರೆ. "ಅಕ್ಕಾರ, ಆಧಾರ್ ತೋರಿಸ್ರೀ" ಎಂದು ಕಂಡಕ್ಟರ್ ಕೇಳಿದಾಗ ಕುಪ್ಪಸದೊಳಗಿನ ಸಣ್ಣ ಚೀಲದಿಂದ ಮಡಚಿದ ಕಾರ್ಡು ತೆಗೆಯುವ ಆ ಕೈಗಳಲ್ಲಿ ನಾನು ಬಿಡುಗಡೆಯನ್ನು ಕಂಡಿದ್ದೇನೆ. ಬಸ್ಸು ತುಂಬಿ ತುಳುಕುತ್ತದೆ, ನಿಲ್ಲಲು ಜಾಗ ಇರುವುದಿಲ್ಲ ಎಂಬ ದೂರು ನಿಜ. ಅದಕ್ಕೆ ಉತ್ತರ ಇನ್ನಷ್ಟು ಬಸ್ಸು. ಬಾಳೆಲ್ಲ ಗುಡ್ಡವನ್ನು ಹೊಲದ ಬದುವಿನಿಂದ ನೋಡುತ್ತಾ ಬಂದ ಹೆಂಗಸು ಅರವತ್ತರ ವಯಸ್ಸಿನಲ್ಲಿ ಅದರ ನೆತ್ತಿಯಿಂದ ತನ್ನ ಊರನ್ನು ಗುರುತಿಸಿ ಬೆರಳು ತೋರಿಸುವುದನ್ನು ಕಂಡ ಮೇಲೆ ಬೇರೆ ಉತ್ತರ ನನಗೆ ಒಪ್ಪಿಗೆಯಾಗದು.

ಜಗತ್ತಿನ ಬೇರೆ ಕಡೆ ಚಳಿಗಾಲದ ಪರ್ವತಕ್ಕೆ ಸಾರ್ವಜನಿಕ ಸಾರಿಗೆ ಎಂದರೆ ಹಿಮ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನವರು ಐಗರ್ ಪರ್ವತದ ಹೊಟ್ಟೆಯೊಳಗೆ ಸುರಂಗ ಕೊರೆದು 1912ರಲ್ಲೇ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್‌ಗೆ ರೈಲು ಮುಟ್ಟಿಸಿದರು. ನಮಗೆ ಹತ್ತಿರದ, ಹೆಚ್ಚು ಕಲಿಯಬಹುದಾದ ಉದಾಹರಣೆ ಗುಂಡ್ಲುಪೇಟೆ ತಾಲ್ಲೂಕಿನಲ್ಲಿದೆ. ಬಂಡೀಪುರದ ಕಾಡಿನೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಕಾರಿನಲ್ಲಿ ಬಂದವರೂ ಬುಡದಲ್ಲಿ ಕಾರು ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಮಂಜು ಮುಸುಕಿದ ಬೆಟ್ಟದಲ್ಲಿ ಹಾರ್ನಿನ ಗದ್ದಲವಿಲ್ಲ, ಆನೆಯ ದಾರಿಗೆ ಅಡ್ಡಿ ಕಡಿಮೆ, ಮುಖ್ಯವಾಗಿ ಕಾರಿದ್ದವರೂ ಇಲ್ಲದವರೂ ಒಂದೇ ಸರದಿಯಲ್ಲಿ ನಿಲ್ಲುತ್ತಾರೆ. ನಮ್ಮ ಗುಡ್ಡಗಳ ನೆತ್ತಿಗೆ ಟಾರು ರಸ್ತೆ ಬೇಕು, ರೋಪ್‌ವೇ ಬೇಕು ಎಂದು ಕೇಳುವವರ ಮುಂದೆ ನಾನು ಈ ಬೆಟ್ಟದ ಹೆಸರು ಹೇಳುತ್ತೇನೆ. ಬುಡದ ತನಕ ನಂಬಬಹುದಾದ ಬಸ್ಸು, ಬುಡದಲ್ಲಿ ಕುಡಿಯುವ ನೀರು, ಬಾಗಿಲು ಸರಿಯಿರುವ ಶೌಚಾಲಯ, ಅಲ್ಲಿಂದ ಮೇಲೆ ಕಾಲು. ಹತ್ತಲಾರದ ಹಿರಿಯರಿಗೆ, ಅಂಗವಿಕಲರಿಗೆ ಬೇರೆ ವ್ಯವಸ್ಥೆ ಖಂಡಿತ ಇರಬೇಕು. ಉಳಿದವರಿಗೆ ಇಷ್ಟು ಸಾಕು.

ಬಸ್ಸು ವಿರಳವಾದ ಗುಡ್ಡಗಳ ಪಾಡೇ ಬೇರೆ. ಗುಡೇಕೋಟೆಯ ಕೋಟೆ, ಜರಿಮಲೆಯ ಪಾಳೆಯಗಾರರ ಗುಡ್ಡ ನೋಡಲು ಹೋಗುವವರು ಕೂಡ್ಲಿಗಿಯಲ್ಲಿ ಇಳಿದು ಬಸ್ಸಿಗೆ ಕಾಯಬೇಕು. ಗುಡೇಕೋಟೆಯನ್ನು ಒನಕೆ ಓಬವ್ವನ ತವರು ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿನ ಕುರುಚಲು ಕಾಡು ಈಗ ಕರಡಿಧಾಮ. ಚಳಿಗಾಲದಲ್ಲಿ ಈ ಗುಡ್ಡಗಳನ್ನು ಏರುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಕರಡಿ ಮರಿ ಹಾಕುವ ಕಾಲ ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿ. ಮರಿ ಹಾಕಲು ತಾಯಿ ಆರಿಸಿಕೊಳ್ಳುವುದು ಬಂಡೆಗಳ ನಡುವಿನ ಗವಿಯನ್ನೇ. ನಾವು ನೆರಳಿಗೆಂದು, ಫೋಟೊಕ್ಕೆಂದು ಇಣುಕುವ ಸಂದು ಅವಳ ಬಾಣಂತಿಕೋಣೆ ಆಗಿರಬಹುದು. ಬಂಡೆಸಂದಿಗೆ ಇಣುಕಬಾರದು, ಗುಂಪು ಬಿಡಬಾರದು, ಬೆಳಕಿರುವಾಗಲೇ ಇಳಿಯಬೇಕು. ಸಂಜೆ ಇಳಿಬಿಸಿಲಿಗೆ ಗವಿ ಬಿಟ್ಟು ಮೇವಿಗೆ ಹೊರಡುವ ಕರಡಿಗೂ, ಕೊನೆಯ ಬಸ್ಸಿಗೆಂದು ಅವಸರದಲ್ಲಿ ಅಡ್ಡದಾರಿ ಹಿಡಿದ ಮನುಷ್ಯನಿಗೂ ಒಂದೇ ಹೊತ್ತು. ಸಂಜೆಯ ಬಸ್ಸು ಅರ್ಧ ಗಂಟೆ ಮುಂಚೆ ಇದೆಯೋ ಹಿಂದೆ ಇದೆಯೋ ಎಂಬುದು ಇಲ್ಲಿ ಬರೀ ಅನುಕೂಲದ ಮಾತಾಗಿ ಉಳಿಯುವುದಿಲ್ಲ.

ನಾನೊಮ್ಮೆ ಆ ಲೆಕ್ಕ ತಪ್ಪಿದ್ದೇನೆ. ಹೆಸರಿನ ಜಾತ್ರೆಯಿಲ್ಲದ ಒಂದು ಸಣ್ಣ ಗುಡ್ಡ. ಮೇಲೆ ಗುಡಿಯ ಪಕ್ಕದ ವೀರಗಲ್ಲನ್ನು ನೋಡುತ್ತಾ ಕುಳಿತು ಹೊತ್ತು ಹೋದದ್ದು ತಿಳಿಯಲಿಲ್ಲ. ಇಳಿಯುವಾಗ ಅರ್ಧ ದಾರಿಯಲ್ಲೇ ಕೆಳಗೆ ಬಸ್ಸು ಬಂದು, ನಿಂತು, ತಿರುಗಿ ಹೋಗುವುದು ಆಟಿಕೆಯಷ್ಟು ಚಿಕ್ಕದಾಗಿ ಕಂಡಿತು. ಕೂಗಿದರೆ ಕೇಳದಷ್ಟು ದೂರ. ಕತ್ತಲಾಗುವ ಹೊತ್ತಿಗೆ ಹೆದ್ದಾರಿಯ ಕಡೆ ಆರು ಕಿಲೋಮೀಟರ್ ನಡೆಯತೊಡಗಿದೆ. ಮೆಕ್ಕೆಜೋಳ ಮುರಿಯಲು ಹೋಗಿ ಮರಳುತ್ತಿದ್ದ ಕೂಲಿ ಹೆಂಗಸರ ಟಂಟಂ ಹಿಂದಿನಿಂದ ಬಂತು. ಜಾಗವಿರಲಿಲ್ಲ. ಅವರು ಮಾಡಿಕೊಟ್ಟರು. ಮೈತುಂಬಾ ಮೆಕ್ಕೆಜೋಳದ ರವದಿಯ ತುರಿಕೆ, ಕಾಲಡಿ ಕುಡುಗೋಲುಗಳ ಸದ್ದು, ಯಾರದೋ ತೊಡೆಯ ಮೇಲೆ ಅರ್ಧ ಕುಳಿತು ಆ ಚಳಿಯಲ್ಲಿ ಹೆದ್ದಾರಿ ಮುಟ್ಟಿದೆ. ಇಳಿಯುವಾಗ ದುಡ್ಡು ಕೊಡಹೋದರೆ, "ಇರಲಿ ಬಿಡವ್ವಾ, ನಾವೂ ಇದ್ಕ ಕಾಯ್ದು ಕಾಯ್ದು ಸಾಕಾದೋರ" ಅಂದರು. ಅವರ ಊರಿಗೂ ಸಂಜೆಯ ಮೇಲೆ ಬಸ್ಸಿರಲಿಲ್ಲ.

ಅಂದಿನಿಂದ ನಾನು ಗುಡ್ಡದ ಊರುಗಳಿಗೆ ಹೋದಾಗಲೆಲ್ಲ ಒಂದು ವಿಷಯ ಗಮನಿಸುತ್ತಾ ಬಂದಿದ್ದೇನೆ. ಸಂಜೆ ಆರರ ನಂತರ ಬಸ್ಸಿರುವ ಊರಿನ ಹುಡುಗಿಯರು ಪೇಟೆಯ ಕಾಲೇಜಿನ ಕೊನೆಯ ಪೀರಿಯಡ್ಡಿನ ತನಕ ಕೂರುತ್ತಾರೆ. ಇಲ್ಲದ ಊರಿನವರು ಮೂರಕ್ಕೇ ಪುಸ್ತಕ ಮುಚ್ಚುತ್ತಾರೆ. ಗುಡ್ಡ ನೋಡಲು ಬರುವ ಪರವೂರಿನವರಿಗೂ ಈ ಹುಡುಗಿಯರಿಗೂ ಬೇಕಾದ ಬಸ್ಸು ಒಂದೇ. ಜಾತ್ರೆಯ ಮೂರು ದಿನ ಹತ್ತಾರು ವಿಶೇಷ ಬಸ್ಸು ಓಡುವ ಅದೇ ರಸ್ತೆಯಲ್ಲಿ ಪುಷ್ಯದ ಸಾದಾ ದಿನಗಳಿಗೆ ಸಂಜೆ ಒಂದು ಹೆಚ್ಚಿನ ಬಸ್ಸು ಓಡಿದರೆ ಗುಡ್ಡ ಇಡೀ ಚಳಿಗಾಲ ತೆರೆದಿರುತ್ತದೆ, ಕಾಲೇಜೂ ಇಡೀ ದಿನ ತೆರೆದಿರುತ್ತದೆ.

ಉಚ್ಚಂಗಿದುರ್ಗದಲ್ಲಿ ಆ ದಿನ ಅಜ್ಜಿ ನನಗಿಂತ ಮೊದಲೇ ಮೇಲೆ ಮುಟ್ಟಿದ್ದಳು. ನಾನು ಗೋಡೆಗಳ ಕಡೆ ಅಲೆದು ಬರುವಷ್ಟರಲ್ಲಿ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಳು. ಸಜ್ಜೆರೊಟ್ಟಿ, ಶೇಂಗಾ ಚಟ್ನಿ, ಮೇಲೊಂದು ಹಸಿ ಉಳ್ಳಾಗಡ್ಡಿ. ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ಹನ್ನೊಂದರ ಹೊತ್ತಿಗೆ ಕಲ್ಲು ಬೆಚ್ಚಗಾಗತೊಡಗಿತ್ತು. ಮೆಟ್ಟಿಲ ಮೇಲೆ ನನ್ನ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಳಿಯುತ್ತಾ, ನಡುವೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಕೆಳಗಿನ ರಸ್ತೆ ನೋಡಿದಳು. ದೂರದ ಕೆರೆಯ ಏರಿಯ ಮೇಲೆ ಧೂಳೆಬ್ಬಿಸುತ್ತಾ ಏನೋ ಬರುತ್ತಿತ್ತು.

"ನಮ್ಮದ ಬಸ್ಸೇನವ್ವಾ ಅದು?"

"ಇಲ್ಲಜ್ಜಿ, ಟ್ರ್ಯಾಕ್ಟರು."

"ಹಂಗಾರ ಇನ್ನಾ ಹೊತ್ತೈತಿ" ಎಂದು ಮೆಟ್ಟಿಲ ಮೇಲೆ ಕುಳಿತು, ಸೆರಗಿನ ಗಂಟು ಬಿಚ್ಚಿ ಎಲೆಅಡಿಕೆ ತೆಗೆದಳು.